ಉಂಡವರ ಸಾಕ್ಷ್ಯ

ಹೋಟೆಲಿನಲ್ಲಿ ತಿಂದು ಬಂದವರು ಅಲ್ಲಿನ ರುಚಿ, ಬೆಲೆ, ಶುಚಿತ್ವಗಳ ಬಗ್ಗೆ ಹೇಳುವ ಮಾತು ಮೇಲುನೋಟಕ್ಕೆ ಹರಟೆಯೆನಿಸಿದರೂ, ಹೋಟೆಲ್ ಉದ್ಯಮದ ಏಳುಬೀಳು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಬಟ್ಟೆಯನ್ನು ಕೊಳ್ಳುವ ಮುನ್ನ ಮುಟ್ಟಿ ನೋಡಬಹುದು, ಮಾವಿನಹಣ್ಣನ್ನು ಮೂಸಿ ನೋಡಬಹುದು. ಊಟದ ಗುಣ ಮಾತ್ರ ಉಂಡ ಮೇಲೆಯೇ ತಿಳಿಯುವಂಥದು. ಬಳಸಿದ ಬಳಿಕವಷ್ಟೇ ಗುಣಮಟ್ಟ ಗೊತ್ತಾಗುವ ಇಂಥ ವಸ್ತುಗಳನ್ನು ಅರ್ಥಶಾಸ್ತ್ರಜ್ಞರು ‘ಅನುಭವ ಸರಕು’ ಎಂದು ವರ್ಗೀಕರಿಸುತ್ತಾರೆ. ಅನುಭವವಿಲ್ಲದವನು ಅನುಭವವಿದ್ದವನ ಮಾತನ್ನು ನಂಬಬೇಕಾಗಿ ಬರುವುದರಿಂದ, ಉಂಡವರ ಅಭಿಪ್ರಾಯವು ಒಂದು ಬಗೆಯ ಸಾಕ್ಷ್ಯವಾಗುತ್ತದೆ. ಸಾಕ್ಷ್ಯಕ್ಕೆ ಬೆಲೆ ಬರುವುದು ಸಾಕ್ಷಿ ಯಾರು, ಅವನು ಏನನ್ನು ಕಂಡ, ಯಾವಾಗ ಕಂಡ ಎಂಬುದು ತಿಳಿದಾಗ. ಇಂದು ಮೊಬೈಲಿನ ಪರದೆಯ ಮೇಲೆ ಕಾಣುವ ನಕ್ಷತ್ರಗಳ ಸಾಲು ಈ ಮೂರನ್ನೂ ಬಿಟ್ಟು ತೀರ್ಪನ್ನಷ್ಟೇ ಉಳಿಸಿಕೊಂಡಿರುವುದರಿಂದ, ಅದನ್ನು ಓದುವ ಬಗೆಯನ್ನು ಗ್ರಾಹಕ ಹೊಸದಾಗಿ ಕಲಿಯಬೇಕಾಗಿದೆ.

ಬಾಯಿಮಾತು ಪುಸ್ತಕವಾದ ಬಗೆ

ಊಟದ ವಿಮರ್ಶೆಯನ್ನು ಅಚ್ಚಿಗೆ ತಂದ ಮೊದಲಿಗರಲ್ಲಿ ಫ್ರಾನ್ಸಿನ ಗ್ರಿಮೋ ದ ಲಾ ರೆನಿಯೇರ್ ಮುಖ್ಯನಾದವನು. 1803ರಿಂದ 1812ರವರೆಗೆ ಅವನು ಹೊರತಂದ ವಾರ್ಷಿಕ ಪುಸ್ತಕಗಳಲ್ಲಿ ಪ್ಯಾರಿಸ್ಸಿನ ಭೋಜನಶಾಲೆಗಳು ಮತ್ತು ತಿನಿಸಿನಂಗಡಿಗಳ ಗುಣದೋಷಗಳ ವಿವರವಿರುತ್ತಿತ್ತು. ಟೈರು ತಯಾರಿಸುವ ಮಿಶ್‌ಲಾ ಕಂಪನಿಯು ಮೋಟಾರು ಪ್ರವಾಸವನ್ನು ಉತ್ತೇಜಿಸುವ ಉದ್ದೇಶದಿಂದ 1900ರಲ್ಲಿ ಉಚಿತ ಕೈಪಿಡಿಯೊಂದನ್ನು ಹಂಚತೊಡಗಿತು. ಜನ ಹೆಚ್ಚು ಓಡಾಡಿದಷ್ಟೂ ಟೈರು ಹೆಚ್ಚು ಸವೆಯುತ್ತದೆ ಎಂಬುದು ಅದರ ಹಿಂದಿದ್ದ ವ್ಯಾಪಾರಿ ಲೆಕ್ಕಾಚಾರ. ಉತ್ತಮ ಭೋಜನಶಾಲೆಗಳಿಗೆ ನಕ್ಷತ್ರದ ಗುರುತು ನೀಡುವ ಪದ್ಧತಿ 1926ರಲ್ಲೂ, ಒಂದರಿಂದ ಮೂರರವರೆಗಿನ ಶ್ರೇಣಿ 1931ರಲ್ಲೂ ಬಂದವು. ಅಲ್ಲಿ ತೀರ್ಪು ಕೊಡುವವರು ಗುರುತು ಹೇಳಿಕೊಳ್ಳದೆ ಬಂದು, ಬಿಲ್ಲನ್ನು ತಾವೇ ತೆತ್ತು ಹೋಗುವ ಸಂಬಳದ ಪರೀಕ್ಷಕರು.

ಸಾಮಾನ್ಯ ಗ್ರಾಹಕನ ಅಭಿಪ್ರಾಯಕ್ಕೆ ಮನ್ನಣೆ ದೊರೆತದ್ದು ಇದಕ್ಕೆ ಬಹಳ ಕಾಲದ ಬಳಿಕ. 1979ರಲ್ಲಿ ನ್ಯೂಯಾರ್ಕಿನ ವಕೀಲ ದಂಪತಿ ಟಿಮ್ ಮತ್ತು ನೀನಾ ಝಗಾಟ್ ಸ್ನೇಹಿತರಿಂದ ಹೋಟೆಲುಗಳ ಬಗ್ಗೆ ಅಂಕಗಳನ್ನು ಸಂಗ್ರಹಿಸಿ ಪಟ್ಟಿ ಮಾಡಿದರು. ಅದೇ ಮುಂದೆ ಪ್ರಸಿದ್ಧ ಕೈಪಿಡಿಯಾಗಿ ಬೆಳೆಯಿತು. ಅಡುಗೆ, ಒಳಾಂಗಣ, ಉಪಚಾರ ಈ ಮೂರಕ್ಕೂ ಮೂವತ್ತರಲ್ಲಿ ಬೇರೆಬೇರೆ ಅಂಕ ಕೊಟ್ಟು, ಖರ್ಚಿನ ಅಂದಾಜನ್ನು ಪ್ರತ್ಯೇಕವಾಗಿ ನಮೂದಿಸುತ್ತಿದ್ದದ್ದು ಆ ಪದ್ಧತಿಯ ವಿಶೇಷ. ಸಪ್ಲೈಯರ್ ಮುಖ ಗಂಟಿಕ್ಕಿದ್ದಕ್ಕೆ ಅಡುಗೆಯ ಅಂಕ ಕಡಿತವಾಗುವ ಸಂಭವ ಅಲ್ಲಿ ಕಡಿಮೆಯಿತ್ತು. ಅಂತರ್ಜಾಲ ಬಂದ ಬಳಿಕ 2000ದಲ್ಲಿ ಟ್ರಿಪ್‌ಅಡ್ವೈಸರ್, 2004ರಲ್ಲಿ ಯೆಲ್ಪ್ ಎಂಬ ಗ್ರಾಹಕ ವಿಮರ್ಶೆಯ ಜಾಲತಾಣಗಳು ಆರಂಭವಾದವು. ಭಾರತದಲ್ಲಿ 2008ರಲ್ಲಿ ‘ಫುಡೀಬೇ’ ಎಂಬ ಹೆಸರಿನಲ್ಲಿ ಹೋಟೆಲುಗಳ ಮೆನು ಕಾರ್ಡುಗಳನ್ನು ಒಂದೆಡೆ ತೋರಿಸಲು ಶುರುವಾದ ಸಂಸ್ಥೆ 2010ರಲ್ಲಿ ‘ಜೊಮ್ಯಾಟೊ’ ಆಯಿತು. ಈ ಬೆಳವಣಿಗೆಯಿಂದ ಅಭಿಪ್ರಾಯ ಹೇಳುವ ಹಕ್ಕು ಎಲ್ಲರಿಗೂ ದಕ್ಕಿತಾದರೂ, ಅಡುಗೆ, ಉಪಚಾರ, ಬೆಲೆ, ಕಾಯುವಿಕೆ ಎಲ್ಲವೂ ಬೆರೆತು ಐದರೊಳಗಿನ ಒಂದೇ ಅಂಕಿಯಾಗಿ ಕಣ್ಣಿಗೆ ಬೀಳತೊಡಗಿದವು.

ಅರ್ಧ ನಕ್ಷತ್ರದ ಬೆಲೆ

ಈ ಅಂಕಿಯ ಬಲ ಎಷ್ಟೆಂಬುದನ್ನು ಅಮೆರಿಕದ ಎರಡು ಅಧ್ಯಯನಗಳು ತೋರಿಸಿಕೊಟ್ಟಿವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೇಲ್ ಲೂಕಾ ಅವರು ಸಿಯಾಟಲ್ ನಗರದ ಹೋಟೆಲುಗಳ ವರಮಾನವನ್ನು ಯೆಲ್ಪ್ ಅಂಕಗಳೊಂದಿಗೆ ಹೋಲಿಸಿ, ಒಂದು ನಕ್ಷತ್ರ ಹೆಚ್ಚಾದರೆ ವರಮಾನ ಶೇ 5ರಿಂದ 9ರಷ್ಟು ಏರುತ್ತದೆಂದು 2011ರಲ್ಲಿ ವರದಿ ಮಾಡಿದರು. ಈ ಪರಿಣಾಮ ಸ್ವತಂತ್ರ ಹೋಟೆಲುಗಳಲ್ಲಿ ಕಂಡಿತೇ ಹೊರತು, ಎಲ್ಲೆಡೆ ಶಾಖೆಗಳಿರುವ ಸರಣಿ ಹೋಟೆಲುಗಳಲ್ಲಿ ಕಾಣಲಿಲ್ಲ. ಸರಣಿ ಹೋಟೆಲಿನಲ್ಲಿ ಏನು ಸಿಗುತ್ತದೆಂಬುದು ಜನರಿಗೆ ಮೊದಲೇ ಗೊತ್ತಿರುವುದರಿಂದ ಅವರಿಗೆ ಬೇರೆಯವರ ಸಾಕ್ಷ್ಯದ ಅಗತ್ಯ ಬೀಳುವುದಿಲ್ಲ ಎಂದು ಇದನ್ನು ಅರ್ಥೈಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕೇಲ್ ಆಂಡರ್ಸನ್ ಮತ್ತು ಜೆರೆಮಿ ಮಗ್ರೂಡರ್ ಅವರ 2012ರ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಸರಾಸರಿ ಅಂಕವನ್ನು ಹತ್ತಿರದ ಅರ್ಧ ನಕ್ಷತ್ರಕ್ಕೆ ಸರಿಹೊಂದಿಸಿ ತೋರಿಸುವ ಪದ್ಧತಿಯಲ್ಲಿ 3.24 ಪಡೆದ ಹೋಟೆಲಿಗೆ ಮೂರು ನಕ್ಷತ್ರವೂ 3.26 ಪಡೆದದ್ದಕ್ಕೆ ಮೂರೂವರೆ ನಕ್ಷತ್ರವೂ ಬೀಳುತ್ತವೆ. ಗುಣದಲ್ಲಿ ಹೆಚ್ಚುಕಡಿಮೆ ಸಮವಾಗಿರುವ ಇಂಥ ಹೋಟೆಲುಗಳನ್ನು ಹೋಲಿಸಿದಾಗ, ಅರ್ಧ ನಕ್ಷತ್ರ ಹೆಚ್ಚು ತೋರಿದಲ್ಲಿ ಸಂಜೆಯ ಮೇಜುಗಳು ಪೂರ್ತಿ ಭರ್ತಿಯಾಗುವ ಪ್ರಮಾಣ 19 ಶೇಕಡಾಂಶದಷ್ಟು ಹೆಚ್ಚಿತ್ತು.

ಅಂಕಿ ಇಷ್ಟು ಪ್ರಬಲವಾದರೂ ಅದು ಉಂಡವರೆಲ್ಲರ ಮಾತಲ್ಲ. ಅತಿಯಾಗಿ ಮೆಚ್ಚಿದವರು ಮತ್ತು ಅತಿಯಾಗಿ ಸಿಟ್ಟಾದವರು ಬರೆಯಲು ಮುಂದಾಗುವಷ್ಟು, ಸುಮಾರಾಗಿ ತೃಪ್ತರಾಗಿ ಕೈತೊಳೆದು ಹೋದವರು ಮುಂದಾಗುವುದಿಲ್ಲ. ಆದ್ದರಿಂದ ಅಂಕಗಳು ಎರಡು ತುದಿಗಳಲ್ಲಿ ಗುಂಪುಗೂಡಿ, ನಡುವಿನ ಭಾಗ ತೆಳುವಾಗಿರುವುದು ಸಾಮಾನ್ಯ.

ಒಂದೇ ದೋಸೆ, ಎರಡು ತೀರ್ಪು

ಅಂಕಿಯಲ್ಲಿ ಕಳೆದುಹೋಗುವ ಮುಖ್ಯ ಸಂಗತಿ ತಿನ್ನುವವನ ನಿರೀಕ್ಷೆ. ಕರ್ನಾಟಕದ ಮಸಾಲೆ ದೋಸೆ ಇದಕ್ಕೆ ಒಳ್ಳೆಯ ಉದಾಹರಣೆ. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಂಥ ಕಡೆ ದೋಸೆಯ ಹೊರಮೈ ಕೆಂಪಗೆ ಗರಿಗರಿಯಾಗಿದ್ದು ಒಳಮೈ ದಪ್ಪಗೆ ಮೆತ್ತಗಿರುತ್ತದೆ; ಮೈಸೂರಿನ ಮೈಲಾರಿ ಶೈಲಿಯ ದೋಸೆ ಹತ್ತಿಯಂತೆ ಮೃದುವಾಗಿದ್ದು, ಆಲೂಗಡ್ಡೆ ಪಲ್ಯದ ಬದಲು ಸಾಗುವನ್ನು ಒಳಗಿಟ್ಟುಕೊಂಡಿರುತ್ತದೆ; ದಾವಣಗೆರೆಯ ಬೆಣ್ಣೆ ದೋಸೆಯಲ್ಲಿ ಬೆಣ್ಣೆಯೇ ಪ್ರಧಾನ. ಗರಿಗರಿ ದೋಸೆಯಲ್ಲೇ ನಾಲಗೆ ಪಳಗಿದವನು ಮೈಸೂರಿಗೆ ಹೋಗಿ ‘ದೋಸೆ ಸರಿಯಾಗಿ ಬೆಂದಿರಲಿಲ್ಲ’ ಎಂದು ಎರಡು ನಕ್ಷತ್ರ ಕೊಟ್ಟರೆ, ಅದು ಅವನ ಮಟ್ಟಿಗೆ ಪ್ರಾಮಾಣಿಕ ಮಾತು; ಓದುವವನ ಮಟ್ಟಿಗೆ ತಪ್ಪುದಾರಿ.

ಸಾಂಬಾರಿನ ವಿಚಾರದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಉಡುಪಿ ಸಂಪ್ರದಾಯದ ಹೋಟೆಲುಗಳ ಸಾಂಬಾರಿನಲ್ಲಿ ಬೆಲ್ಲದ ಸಿಹಿ ಮುಂದಾಗಿರುವುದು ಸಹಜವಾದರೂ, ತಮಿಳುನಾಡಿನ ಹುಳಿ–ಖಾರದ ಸಾಂಬಾರಿಗೆ ಒಗ್ಗಿದವರು ಅದನ್ನು ದೋಷವೆಂದೇ ಬರೆಯುತ್ತಾರೆ. ಬೆಂಗಳೂರಿನ ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ–ವಡೆಗೆ ಚಟ್ನಿ ಮಾತ್ರ, ಸಾಂಬಾರು ಇಲ್ಲವೇ ಇಲ್ಲ. ಆ ಚಟ್ನಿಗಾಗಿಯೇ ಬಟ್ಟಲು ಹಿಡಿದು ಮತ್ತೆ ಮತ್ತೆ ಹಾಕಿಸಿಕೊಳ್ಳುವವರಿಗೆ ಅದು ಕೊರತೆಯಲ್ಲ. ಮೊದಲ ಸಲ ಬಂದವರಿಗೆ ಅದೇ ದೊಡ್ಡ ಕೊರತೆಯಾಗಿ ತೋರಬಹುದು. ಇದೇ ರೀತಿ, ಟೋಕನ್ ಪಡೆದು ನಿಂತೇ ತಿನ್ನುವ ದರ್ಶಿನಿಯಲ್ಲಿ ಕಡಿಮೆ ಬೆಲೆ, ಕಣ್ಣೆದುರಿನ ಅಡುಗೆಮನೆ, ತ್ವರಿತ ಸೇವೆ ಇವು ಆ ಮಾದರಿಯ ಗುಣಗಳು. ‘ಕೂರಲು ಜಾಗವಿಲ್ಲ’ ಎಂಬ ದೂರು ಅಲ್ಲಿ ಸತ್ಯವಾಗಿದ್ದೂ ಅಪ್ರಸ್ತುತ. ಉತ್ತರ ಕರ್ನಾಟಕದ ಖಾನಾವಳಿಗೆ ಒಳಾಂಗಣದ ಅಂಕ ಕೊಡುವುದರಲ್ಲೂ ಇದೇ ಅಸಂಗತತೆಯಿದೆ. ಜೋಳದ ರೊಟ್ಟಿ ಬಿಸಿಯಾಗಿದೆಯೇ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ ಹದವಾಗಿವೆಯೇ, ಮತ್ತೆ ಬಡಿಸುವಾಗ ಕೈ ಹಿಡಿತವಿದೆಯೇ ಎಂಬುದು ಅಲ್ಲಿ ಕೇಳಬೇಕಾದ ಪ್ರಶ್ನೆ.

‘ಮೊದಲಿನ ರುಚಿ ಇಲ್ಲ’

ಹಳೆಯ ಹೋಟೆಲುಗಳ ಬಗ್ಗೆ ಕನ್ನಡಿಗರು ಹೆಚ್ಚಾಗಿ ಹೇಳುವ ಮಾತಿದು. ಇದನ್ನು ಕೇವಲ ಹಳೆಯ ನೆನಪಿನ ಮೋಹವೆಂದು ತಳ್ಳಿಹಾಕುವುದೂ ಸರಿಯಲ್ಲ, ಹೋಟೆಲಿನ ಅವನತಿಗೆ ಪುರಾವೆಯೆಂದು ಒಪ್ಪುವುದೂ ಸರಿಯಲ್ಲ. ರುಚಿ ಬದಲಾಗಲು ಅಡುಗೆಮನೆಯಲ್ಲೇ ಹಲವು ಕಾರಣಗಳಿರುತ್ತವೆ. ಚಳಿಗಾಲದಲ್ಲಿ ಹಿಟ್ಟು ನಿಧಾನವಾಗಿ ಹುದುಗುವುದರಿಂದ ಬೆಳಗಿನ ಮೊದಲ ದೋಸೆ ಸಪ್ಪೆಯೆನಿಸಬಹುದು, ಬೇಸಿಗೆಯ ಮಧ್ಯಾಹ್ನ ಅದೇ ಹಿಟ್ಟು ಹುಳಿಗೆ ತಿರುಗಬಹುದು. ಹೊಸ ಅಕ್ಕಿ ಹಳೆಯ ಅಕ್ಕಿಗಿಂತ ಹೆಚ್ಚು ಅಂಟಾಗಿರುತ್ತದೆ. ಶೀತಲಗೃಹದಲ್ಲಿಟ್ಟ ಆಲೂಗಡ್ಡೆಯ ಪಿಷ್ಟದ ಒಂದಂಶ ಸಕ್ಕರೆಯಾಗಿ ಮಾರ್ಪಡುವುದರಿಂದ ಪಲ್ಯ ಸಿಹಿಯಾಗುತ್ತದೆ. ಜನಜಂಗುಳಿಯ ಹೊತ್ತಿನಲ್ಲಿ ಸಾಲುಸಾಲಾಗಿ ಹಿಟ್ಟು ಹೊಯ್ದಾಗ ಕಾವಲಿಯ ಕಾವು ಇಳಿದು, ದೋಸೆಗೆ ಬಣ್ಣ ಬರುವ ಮುನ್ನವೇ ಅದನ್ನು ಮಡಚಿ ಕೊಡುವ ಒತ್ತಡ ಬೀಳುತ್ತದೆ. ಕಾಫಿಯಲ್ಲಿ ಮೊದಲ ಡಿಕಾಕ್ಷನ್ನಿನ ಗಾಢತೆ ಎರಡನೆಯದಕ್ಕೆ ಇರುವುದಿಲ್ಲ. ಭಟ್ಟರು ಬದಲಾದರಂತೂ ಲೆಕ್ಕವೇ ಬೇರೆ.

ಹೀಗಾಗಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ತಿಂದವನ ಸಾಕ್ಷ್ಯವೂ ಮಂಗಳವಾರ ಸಂಜೆ ನಾಲ್ಕಕ್ಕೆ ತಿಂದವನ ಸಾಕ್ಷ್ಯವೂ ಪರಸ್ಪರ ವಿರುದ್ಧವಾಗಿದ್ದರೂ ಎರಡೂ ನಿಜವಾಗಿರಲು ಸಾಧ್ಯ. ಮನೆಗೆ ತರಿಸಿಕೊಳ್ಳುವ ಪಾರ್ಸಲ್ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ. ಬಿಸಿ ದೋಸೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಅದರ ಹಬೆಯೇ ಅದನ್ನು ಮೆತ್ತಗಾಗಿಸುತ್ತದೆ; ಅರ್ಧ ಗಂಟೆಯ ಬಳಿಕ ಅದನ್ನು ತಿಂದವನ ಅಸಮಾಧಾನ ಹೋಟೆಲಿನ ಕಾವಲಿಗಿಂತ ಹೆಚ್ಚಾಗಿ ಆ ಪ್ರಯಾಣಕ್ಕೆ ಸಂಬಂಧಿಸಿದ್ದು.

ಸುಳ್ಳು ಸಾಕ್ಷಿ

ಸಾಕ್ಷ್ಯಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದ್ದಾಗ ಸುಳ್ಳು ಸಾಕ್ಷಿಗಳೂ ಹುಟ್ಟಿಕೊಳ್ಳುತ್ತಾರೆ. ಹಿಂದೆ ಹಣ ಪಡೆದು ಸುಳ್ಳು ವಿಮರ್ಶೆ ಬರೆಯುತ್ತಿದ್ದ ಊಬಾ ಬಟ್ಲರ್ ಎಂಬ ಬ್ರಿಟಿಷ್ ಬರಹಗಾರ, 2017ರಲ್ಲಿ ಲಂಡನ್ನಿನ ತನ್ನ ವಾಸದ ಶೆಡ್ಡನ್ನೇ ‘ದ ಶೆಡ್ ಅಟ್ ಡಲ್ವಿಚ್’ ಎಂಬ ಹೋಟೆಲೆಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿದ. ಕ್ಷೌರದ ನೊರೆಯಂಥ ವಸ್ತುಗಳಿಂದ ರಚಿಸಿದ ‘ಖಾದ್ಯ’ಗಳ ಚಿತ್ರಗಳನ್ನು ಹಾಕಿ, ಪರಿಚಯದವರಿಂದ ಹೊಗಳಿಕೆ ಬರೆಸಿದ. ಯಾರೂ ಅಲ್ಲಿ ಒಂದು ತುತ್ತೂ ಉಣ್ಣದಿದ್ದರೂ, ಅದೇ ವರ್ಷ ಅದು ಲಂಡನ್ನಿನ ಮೊದಲ ಸ್ಥಾನಕ್ಕೇರಿತು.

ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ‘ಐಎಸ್ 19000:2022’ ಎಂಬ ಮಾನದಂಡವನ್ನು ಹೊರತಂದದ್ದು ಇಂಥ ವಂಚನೆಯ ತಡೆಗಾಗಿ. ಅಂತರ್ಜಾಲದಲ್ಲಿ ಗ್ರಾಹಕರ ಅಭಿಪ್ರಾಯಗಳನ್ನು ಸಂಗ್ರಹಿಸುವ, ಪರಿಶೀಲಿಸುವ, ಪ್ರಕಟಿಸುವ ಕ್ರಮಗಳನ್ನು ಅದು ವಿವರಿಸುತ್ತದೆ. ಬರೆದವರ ಗುರುತನ್ನು ಖಚಿತಪಡಿಸಿಕೊಳ್ಳುವುದು ಅದರ ಮುಖ್ಯ ಅಂಶಗಳಲ್ಲೊಂದು. ಆದರೆ ಅದನ್ನು ಜಾರಿಗೊಳಿಸಿದಾಗ ಪಾಲನೆ ಸ್ವಯಂಪ್ರೇರಿತವೆಂದೇ ಇಡಲಾಯಿತು. ಇನ್ನು, ಉಚಿತ ಊಟಕ್ಕೆ ಕರೆಸಿಕೊಂಡು ವಿಡಿಯೊ ಮಾಡಿಸುವ ರೂಢಿಯಲ್ಲಿ ಸಾಕ್ಷಿ ನಿಜವಾದವನೇ ಆದರೂ, ಅವನು ಬಿಲ್ ತೆತ್ತವನಲ್ಲ, ಅವನ ತಟ್ಟೆಗೆ ಬಿದ್ದ ತುಪ್ಪದ ಅಳತೆಯೂ ಎಲ್ಲರ ಅಳತೆಯಲ್ಲ.

ಬರೆಯುವವರ ಹೊಣೆ, ಓದುವವರ ವಿವೇಕ

ಉಪಯುಕ್ತ ಅಭಿಪ್ರಾಯ ಉದ್ದವಾಗಿರಬೇಕೆಂದಿಲ್ಲ. ಯಾವ ದಿನ, ಯಾವ ಹೊತ್ತಿಗೆ ಹೋದದ್ದು, ಏನನ್ನು ತಿಂದದ್ದು, ಎಷ್ಟು ಕೊಟ್ಟದ್ದು, ಎಷ್ಟು ಹೊತ್ತು ಕಾದದ್ದು ಎಂಬಷ್ಟನ್ನು ನಮೂದಿಸಿ, ತನ್ನ ನಾಲಗೆಯ ಒಲವನ್ನು ಒಂದು ಮಾತಿನಲ್ಲಿ ಸೂಚಿಸಿದರೆ ಸಾಕು. ‘ಚಟ್ನಿ ಚೆನ್ನಾಗಿಲ್ಲ’ ಎನ್ನುವುದಕ್ಕಿಂತ ‘ಹುರಿಗಡಲೆ ಜಾಸ್ತಿ, ಕಾಯಿ ಕಡಿಮೆ’ ಎನ್ನುವುದು ಓದುವವನಿಗೂ ಹೋಟೆಲಿನವನಿಗೂ ಹೆಚ್ಚು ಪ್ರಯೋಜನಕಾರಿ. ಶುಚಿತ್ವ ಮತ್ತು ಬಿಲ್ಲಿನ ಲೋಪಗಳು ರುಚಿಯಂತೆ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ತೋರುವಂಥವಲ್ಲವಾದ್ದರಿಂದ, ಅವನ್ನು ಬೇರೆಯಾಗಿ ಹೇಳುವುದು ಒಳಿತು. ಗಲ್ಲಾದಲ್ಲಿ ಕೂತವರಿಗೆ ಅಲ್ಲೇ ತಿಳಿಸಿದರೆ ಅನೇಕ ಸಲ ಬರೆಯುವ ಅಗತ್ಯವೇ ಬೀಳದು.

ಓದುವವನು ಸರಾಸರಿ ಅಂಕಿಗಿಂತ ನಡುವಿನ ಅಂಕ ಕೊಟ್ಟವರ ಮಾತನ್ನು ಮೊದಲು ನೋಡುವುದು ಲೇಸು. ಹೊಗಳಿಕೆ–ತೆಗಳಿಕೆ ಎರಡಕ್ಕೂ ಕಾರಣ ಕೊಡುವವರು ಅಲ್ಲೇ ಹೆಚ್ಚು ಸಿಗುತ್ತಾರೆ. ತನಗೆ ಚಿರಪರಿಚಿತವಾದ ಹೋಟೆಲಿನ ಬಗ್ಗೆ ಅದೇ ವ್ಯಕ್ತಿ ಏನು ಬರೆದಿದ್ದಾನೆಂದು ನೋಡಿ ಅವನ ನಾಲಗೆಯನ್ನು ಅಳೆಯುವುದು ಇನ್ನೂ ಒಳ್ಳೆಯ ಉಪಾಯ. ತನ್ನ ಅಭಿರುಚಿಗೆ ಸದಾ ವಿರುದ್ಧವಾಗಿ ತೀರ್ಪು ಕೊಡುವವನೂ ಹೀಗೆ ನಂಬಿಕಸ್ಥ ಮಾರ್ಗದರ್ಶಿಯಾಗಬಲ್ಲ: ಸಾಂಬಾರು ಸಿಹಿಯೆಂದು ಅವನು ದೂರಿದ ಹೋಟೆಲಿಗೆ, ಸಿಹಿ ಸಾಂಬಾರು ಬೇಕಾದವನು ನಿಶ್ಚಿಂತೆಯಿಂದ ಹೋಗಬಹುದು.