ಇದ್ದಿಲಿನಲ್ಲಿ ಸಾರಜನಕ, ಶಕ್ತಿನಗರದ ಹೊಗೆಯಲ್ಲಿ ನೀರು

ಸಾರಜನಕ ಬೆರೆತ ಸರಂಧ್ರ ಇಂಗಾಲ ಮೂಲತಃ ಇದ್ದಿಲೇ. ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಹತ್ತಿ ಕಟ್ಟಿಗೆ ಯಾವುದನ್ನಾದರೂ ಗಾಳಿಯಾಡದಂತೆ ಸುಟ್ಟು, ಆ ಇದ್ದಿಲಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ 600ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಕಾಯಿಸುತ್ತಾರೆ. ಕ್ಷಾರವು ಇಂಗಾಲವನ್ನು ಕೊರೆದು ಒಳಗೆಲ್ಲ ಸೂಕ್ಷ್ಮ ರಂಧ್ರ ಮಾಡುತ್ತದೆ. ಚೆನ್ನಾಗಿ ಹದಗೊಂಡ ಒಂದು ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹಾಸಿದರೆ 2,000 ಚದರ ಮೀಟರ್, ಅಂದರೆ ಸುಮಾರು 20 ಗುಂಟೆ ಜಮೀನಿನಷ್ಟಾಗುತ್ತದೆ. ಕಾಯಿಸುವಾಗ ಯೂರಿಯಾ, ಮೆಲಮೈನ್ ಅಥವಾ ಅಮೋನಿಯಾ ಜೊತೆಗಿದ್ದರೆ ಇಂಗಾಲದ ಷಟ್ಕೋನ ಬಲೆಯಲ್ಲಿ ಅಲ್ಲಲ್ಲಿ ಸಾರಜನಕದ ಪರಮಾಣು ಬಂದು ಕೂರುತ್ತದೆ. ಅದರಲ್ಲಿ ಇಂಗಾಲಕ್ಕಿಂತ ಒಂದು ಎಲೆಕ್ಟ್ರಾನ್ ಹೆಚ್ಚು. ಬಲೆಯ ಅಂಚಿನಲ್ಲಿ ಪಿರಿಡೀನ್ ಬಗೆಯಾಗಿ ಕೂತರೆ ಕ್ಷಾರಗುಣ ತರುತ್ತದೆ. ನಡುವೆ ಕೂತರೆ ವಿದ್ಯುತ್ತಿನ ಹರಿವನ್ನು ಸುಲಭಗೊಳಿಸುತ್ತದೆ.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2009ರಲ್ಲಿ ಬೋರಾನ್ ಮತ್ತು ಸಾರಜನಕ ಬೆರೆತ ಗ್ರಾಫೀನ್ (ಅದೇ ಷಟ್ಕೋನ ಬಲೆಯ ಒಂದೇ ಪದರ) ತಯಾರಿಸಿ ಅದರ ಗುಣಗಳನ್ನು ಪ್ರಕಟಿಸಿತು. ಬೋರಾನ್, ಇಂಗಾಲ, ಸಾರಜನಕ ಮೂರೂ ಕೂಡಿದ ಸರಂಧ್ರ ವಸ್ತುವಿನ ಅನಿಲ ಹೀರಿಕೆಯನ್ನೂ ಅಲ್ಲಿ ಅಳೆದರು. ಹೊಗೆಯ ಇಂಗಾಲದ ಡೈಆಕ್ಸೈಡನ್ನು ಸೆರೆಹಿಡಿಯುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರಗಳನ್ನು ಕೇಂದ್ರ ಸರ್ಕಾರ 2022ರಲ್ಲಿ ಘೋಷಿಸಿದಾಗ ಒಂದು ಇದೇ ಸಂಸ್ಥೆಗೆ ಬಂತು, ಇನ್ನೊಂದು ಮುಂಬಯಿ ಐಐಟಿಗೆ.

ಶಕ್ತಿ ಶೇಖರಣೆಯಲ್ಲಿ ಈ ಇದ್ದಿಲಿನ ನೆಲೆ ಸೂಪರ್‌ಕೆಪಾಸಿಟರ್. ಜನರಲ್ ಎಲೆಕ್ಟ್ರಿಕ್ ಕಂಪನಿಯ ಹೊವರ್ಡ್ ಬೆಕರ್ 1957ರಲ್ಲೇ ಸರಂಧ್ರ ಇಂಗಾಲದ ವಿದ್ಯುದ್ವಾರವಿರುವ ಕೆಪಾಸಿಟರಿಗೆ ಪೇಟೆಂಟ್ ಪಡೆದಿದ್ದ. ಇಲ್ಲಿ ರಾಸಾಯನಿಕ ಕ್ರಿಯೆಗಿಂತ ಮುಖ್ಯವಾದದ್ದು ರಂಧ್ರದ ಗೋಡೆಗೆ ಅಯಾನುಗಳು ಬಂದು ಅಂಟುವುದು. ಅದಕ್ಕೇ ಕ್ಷಣಗಳಲ್ಲಿ ತುಂಬುತ್ತದೆ, ಲಕ್ಷಾಂತರ ಸಲ ತಾಳುತ್ತದೆ. ಆದರೆ ಕಿಲೋಗೆ 5ರಿಂದ 10 ವ್ಯಾಟ್-ಗಂಟೆಗಿಂತ ಹೆಚ್ಚು ಹಿಡಿಯುವುದು ಅಪರೂಪ; ಲಿಥಿಯಂ ಬ್ಯಾಟರಿ 150 ದಾಟುತ್ತದೆ. ಶುದ್ಧ ಇಂಗಾಲಕ್ಕೆ ನೀರೆಂದರೆ ಆಗದು, ಸಾರಜನಕ ಸೇರಿದರೆ ಒದ್ದೆಯಾಗುತ್ತದೆ. ಆಗ ನೀರಿನ ದ್ರಾವಣ ಸಣ್ಣ ರಂಧ್ರಗಳಿಗೂ ಇಳಿಯುತ್ತದೆ. ಪ್ರಯೋಗಾಲಯದ ಅಂಕಿಗಳು ಬಹುಪಾಲು ಕೆಲವೇ ಮಿಲಿಗ್ರಾಂ ಪುಡಿಯ ಮೇಲಿನವು ಎಂಬುದು ಬೇರೆ ಮಾತು. ಮಾರುಕಟ್ಟೆಯಲ್ಲಿ ಇಂದಿಗೂ ತೆಂಗಿನ ಚಿಪ್ಪಿನ ಸಾದಾ ಇದ್ದಿಲಿನದೇ ಕಾರುಬಾರು.

ಇದ್ದಿಲಿನ ಇನ್ನೊಂದು ಕೆಲಸ ಹೊಗೆ ಕೊಳವೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೀರುವುದು; ಅದರ ಕಥೆ ಬೇರೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ (ಆರ್‌ಟಿಪಿಎಸ್) ಮೊದಲ ಘಟಕ 1985ರಲ್ಲಿ ಚಾಲೂ ಆಯಿತು. ಈಗ 210 ಮೆಗಾವ್ಯಾಟ್‌ನ ಏಳು, 250ರ ಒಂದು ಘಟಕ ಸೇರಿ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಲೆಕ್ಕದಲ್ಲಿ 210 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ಓಡಿದರೆ ತಾಸಿಗೆ ಸುಮಾರು 200 ಟನ್.

ಶುದ್ಧ ಇಂಗಾಲದ ಡೈಆಕ್ಸೈಡ್‌ನಲ್ಲಿ, 25 ಡಿಗ್ರಿಯಲ್ಲಿ, ಒಳ್ಳೆಯ ಇದ್ದಿಲು ತನ್ನ ತೂಕದ ನೂರಕ್ಕೆ 15ರಿಂದ 20 ಪಾಲು ಹೀರುತ್ತದೆ. ಪತ್ರಿಕೆಗಳಿಗೆ ಬರುವ ಸಂಖ್ಯೆ ಇದೇ. ಹೊಗೆಯಲ್ಲಾದರೋ ಆ ಅನಿಲ ಇರುವುದೇ ನೂರಕ್ಕೆ 12ರಿಂದ 15. ಅಲ್ಲಿ ಹೀರಿಕೆ ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ತಾಸಿಗೊಮ್ಮೆ ತುಂಬಿ ಖಾಲಿಯಾಗುವ ವ್ಯವಸ್ಥೆಯಾದರೆ ಒಂದೇ ಘಟಕಕ್ಕೆ ನಾಲ್ಕು ಸಾವಿರ ಟನ್ನಿಗೂ ಹೆಚ್ಚು ಪುಡಿ ಬೇಕು. ನೂರು ಡಿಗ್ರಿ ಮೀರಿದ ಹೊಗೆಯನ್ನು ಮೊದಲು ತಣ್ಣಗಾಗಿಸಬೇಕು, ಗಂಧಕದ ಡೈಆಕ್ಸೈಡ್ ತೆಗೆಯಬೇಕು. ನೀರಾವಿಯ ಕಾಟ ಅದಕ್ಕಿಂತ ದೊಡ್ಡದು: ಕೆಪಾಸಿಟರಿನಲ್ಲಿ ನೀರನ್ನು ಕರೆದದ್ದಕ್ಕೆ ಹೊಗಳಿಸಿಕೊಂಡ ಸಾರಜನಕ ಇಲ್ಲಿಯೂ ನೀರನ್ನೇ ಕರೆಯುತ್ತದೆ, ಬಂದ ನೀರು ಅನಿಲದ ಜಾಗ ಹಿಡಿಯುತ್ತದೆ. ಹೀರಿಕೆ ಹೆಚ್ಚಿಸುವುದು ನಿಜಕ್ಕೂ ಸಾರಜನಕವೋ ಅಥವಾ 0.8 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳೋ ಎಂಬ ವಾದವೂ ಇದೆ. ತೂಗಿ ನೋಡಿದರೆ ರಂಧ್ರದ ಪಕ್ಷವೇ ಗಟ್ಟಿ.

ಇದ್ದಿಲಿನ ಪರವಾಗಿ ಹೇಳಬೇಕಾದ್ದು ಒಂದಿದೆ. ಇಂಗಾಲದ ಡೈಆಕ್ಸೈಡ್ ಹಿಡಿಯಲು ಸಾಮಾನ್ಯವಾಗಿ ಬಳಸುವ ಅಮೈನ್ ದ್ರಾವಣದಿಂದ ಆ ಅನಿಲವನ್ನು ಬಿಡಿಸಲು ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಇದ್ದಿಲಿನ ಹಿಡಿತ ಸಡಿಲ, ಒತ್ತಡ ಇಳಿಸಿದರೂ ಬಿಟ್ಟುಕೊಡುತ್ತದೆ. ಕಚ್ಚಾವಸ್ತುವಿಗೂ ರಾಯಚೂರಿನಲ್ಲಿ ಬರವಿಲ್ಲ: ಮಾನ್ವಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಹೊಟ್ಟಿದೆ, ಹೊಲದ ಹತ್ತಿ ಕಟ್ಟಿಗೆಯಿದೆ. ಹತ್ತಿ ಕಟ್ಟಿಗೆಯ ಇದ್ದಿಲನ್ನು ಚೀನಾದ ಸಂಶೋಧಕರು ಅಮೋನಿಯಾದಲ್ಲಿ ಕಾಯಿಸಿ ಪರೀಕ್ಷಿಸಿದ್ದಾರೆ. ದೇಶದಲ್ಲಿ ನಿಜವಾದ ಹೊಗೆಯಿಂದ ಈ ಅನಿಲ ಹಿಡಿಯುವ ಕೆಲಸಗಳಲ್ಲಿ ಎನ್‌ಟಿಪಿಸಿಯ ವಿಂಧ್ಯಾಚಲ ಘಟಕದ್ದು ಒಂದು. ಅದರ ಸಾಮರ್ಥ್ಯ ದಿನಕ್ಕೆ 20 ಟನ್; ಶಕ್ತಿನಗರದ ಒಂದು ಘಟಕ ಅಷ್ಟನ್ನು ಆರು ನಿಮಿಷದಲ್ಲಿ ಬಿಡುತ್ತದೆ.