ಆಲೆಮನೆಯ ಒಲೆ ಮತ್ತು ವರ್ತುಲ ಆರ್ಥಿಕತೆ

ಉದ್ಯಮವೊಂದರ ತ್ಯಾಜ್ಯವನ್ನು ಮರಳಿ ಉತ್ಪಾದನೆಗೇ ಒದಗಿಸುವ ಕ್ರಮವನ್ನು ಇಂದು ವರ್ತುಲ ಆರ್ಥಿಕತೆ ಎಂದು ಕರೆಯಲಾಗುತ್ತಿದೆ. ಜಾನಪದ ವೃತ್ತಿಪರಂಪರೆಯಲ್ಲಿ ಇದಕ್ಕೆ ಮಂಡ್ಯ ಸೀಮೆಯ ಆಲೆಮನೆ ಒಳ್ಳೆಯ ನಿದರ್ಶನ. ಗಾಣದಿಂದ ಹೊರಬಂದ ರಚ್ಚು, ಅಂದರೆ ಕಬ್ಬಿನ ಸಿಪ್ಪೆ, ಬಿಸಿಲಿಗೆ ಒಣಗಿ ಕೊಪ್ಪರಿಗೆಯ ಒಲೆಗೆ ಉರುವಲಾಗುತ್ತದೆ. ಬೂದಿ ಗದ್ದೆಗೆ ಸೇರುತ್ತದೆ. ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಉರಿಯುವಾಗ ಗಾಳಿಗೆ ಮರಳುವುದರಿಂದ, ಕಲ್ಲಿದ್ದಲಿನಂತೆ ಇದು ವಾತಾವರಣಕ್ಕೆ ಹೊಸ ಹೊರೆಯಾಗದು. (ಹೊಗೆಯ ಕಾಟ ಇದ್ದೇ ಇದೆ, ಅದು ಬೇರೆ ಮಾತು.)

ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕಗಳದೂ ಇದೇ ತತ್ತ್ವ. ಅರೆದ ಕಬ್ಬಿನ ತೂಕದಲ್ಲಿ ಸುಮಾರು ಶೇ. 30ರಷ್ಟು ಸಿಪ್ಪೆಯೇ. ಅದನ್ನು ಉರಿಸಿ ಪಡೆದ ಉಗಿಯಿಂದ ಕಾರ್ಖಾನೆ ನಡೆಯುತ್ತದೆ, ಮಿಕ್ಕ ವಿದ್ಯುತ್ತು ಮಾರಾಟವಾಗುತ್ತದೆ. ರಸ ಸೋಸಿದಾಗ ಉಳಿಯುವ ಮಡ್ಡಿ ಗೊಬ್ಬರವಾಗಿ ರೈತನ ಹೊಲಕ್ಕೆ ಹೋಗುತ್ತದೆ.

ಆದರೆ ಈಚಿನ ವರ್ಷಗಳಲ್ಲಿ ಕೆಲವು ಆಲೆಮನೆಗಳು ಹಳೆಯ ಟೈರು, ಪ್ಲಾಸ್ಟಿಕ್ಕುಗಳನ್ನು ಉರಿಸುತ್ತಿರುವುದು ವರದಿಯಾಗಿದೆ. ಇದೂ ತ್ಯಾಜ್ಯದ ಮರುಬಳಕೆಯೇ ಎಂಬ ವಾದವನ್ನು ಒಪ್ಪಲಾಗದು. ರಚ್ಚು ಅದೇ ಗದ್ದೆಯ ಫಲ, ಬೂದಿಯಾಗಿ ಅಲ್ಲಿಗೇ ಮರಳುತ್ತದೆ. ಟೈರಿನ ಬಹುಪಾಲು ಭೂಗರ್ಭದ ತೈಲದಿಂದಾದುದು. ಅದರ ಇಂಗಾಲ ವಾತಾವರಣಕ್ಕೆ ಹೊಸದಾಗಿ ಸೇರುತ್ತದೆ, ವಿಷದ ಹೊಗೆಯನ್ನು ಮೊದಲು ಉಸಿರಾಡುವವರು ಒಲೆಗೆ ಉರುವಲು ನೂಕುವ ಕೂಲಿಕಾರರು.