ಯಾರ ಸೂರಿನಡಿ ಈ ಸೂರ್?

ಕಟ್ಟದೇ ಇರುವ ತೆರಿಗೆಗೆ ಲೆಕ್ಕ ಹಿಡಿಯಿರಿ ಎಂದು ಸರ್ಕಾರದ ಮುಂದೆ ನಿಂತವರನ್ನು ನೀವು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಹಾಗೆ ಕೇಳಿದವರಿಗೆ ‘ಆಗಲಿ’ ಎಂಬ ಉತ್ತರವೂ ಸಿಕ್ಕಿತಂತೆ ಎಂದು ಯಾರಾದರೂ ಹೇಳಿದ್ದರೆ, ಹರಿಕಥೆಯ ನಡುವೆ ಜನರನ್ನು ನಗಿಸಲು ಬರುವ ಉಪಕಥೆ ಎಂದುಕೊಳ್ಳುತ್ತಿದ್ದೆ. ಆದರೆ ಇದು ನಡೆದದ್ದು ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ. ತೀರ್ಪು ಬಂದದ್ದು 2023ರ ಸೆಪ್ಟೆಂಬರ್ 15ರಂದು. ಕೇಳಿದ್ದು ಕ್ರಿಭ್ಕೊ, ಅಂದರೆ ಕೃಷಕ್ ಭಾರತಿ ಕೋಆಪರೇಟಿವ್. ನಮ್ಮೂರ ಸೊಸೈಟಿಯ ಗೋದಾಮಿನಲ್ಲಿ ಯೂರಿಯಾ ಚೀಲದ ಬೆನ್ನಿನ ಮೇಲೆ ಎಷ್ಟೋ ಸಲ ಕಂಡ ಹೆಸರು. ಕಟ್ಟದೇ ಉಳಿದ ಆ ತೆರಿಗೆ ಒಮಾನಿನದು.

ಒಮಾನಿನಲ್ಲಿ ಕ್ರಿಭ್ಕೊಗೆ ಏನು ಕೆಲಸ? ಹುಡುಕಿದೆ. ಅಲ್ಲಿ ಒಂದು ದೊಡ್ಡ ಗೊಬ್ಬರದ ಕಾರ್ಖಾನೆ ಇದೆ; ಓಮಿಫ್ಕೊ, ಒಮಾನ್ ಇಂಡಿಯಾ ಫರ್ಟಿಲೈಸರ್ ಕಂಪನಿ. ಅರ್ಧ ಪಾಲು ಒಮಾನಿನ ಸರ್ಕಾರಿ ತೈಲ ಕಂಪನಿಯದು, ಕಾಲು ಪಾಲು ನಮ್ಮ ಇನ್ನೊಂದು ಗೊಬ್ಬರ ಸಹಕಾರಿ ಇಫ್ಕೊದು, ಇನ್ನುಳಿದ ಕಾಲು ಪಾಲು ಕ್ರಿಭ್ಕೊದು. ವರ್ಷಕ್ಕೆ ಸುಮಾರು 16.5 ಲಕ್ಷ ಟನ್ ಯೂರಿಯಾ ಮಾಡಬಲ್ಲ ಸ್ಥಾವರ. ಸರಿ, ಅದು ಎಲ್ಲಿದೆ ಎಂದು ನಕ್ಷೆ ತೆರೆದೆ. ಅರಬ್ಬಿ ಪರ್ಯಾಯ ದ್ವೀಪ ಪೂರ್ವಕ್ಕೆ ಚಾಚಿ ಮುಗಿಯುವ ಮೂಲೆಯಲ್ಲಿ, ಮಸ್ಕತ್‌ನಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಒಂದು ಬಂದರು ಊರು. ಹೆಸರು ಸೂರ್.

ಆ ಹೆಸರು ಕಂಡದ್ದೇ ತಡ, ಕುರ್ಚಿಯಿಂದ ಎದ್ದು ನಿಂತೆ. ಈ ಊರನ್ನು ನಾನು ಇನ್ನೊಂದು ತೀರ್ಪಿನಲ್ಲಿ ಓದಿದ್ದೆ! ಕ್ರಿಭ್ಕೊ ತೀರ್ಪಿಗಿಂತ 118 ವರ್ಷ ಹಳೆಯದು. ಅಲ್ಲಿಯೂ ಸೂರ್, ಅಲ್ಲಿಯೂ ಒಂದು ವಿಚಿತ್ರ ಪ್ರಶ್ನೆ, ಅಲ್ಲಿಯೂ ಎರಡು ದೇಶಗಳ ನಡುವೆ ಸಿಕ್ಕಿಕೊಂಡ ಒಂದು ಆಸ್ತಿ. ಕನ್ನಡದಲ್ಲಿ ಸೂರು ಎಂದರೆ ತಲೆಯ ಮೇಲಿನ ಚಾವಣಿ. ಈ ಎರಡೂ ದಾವೆಗಳು ಕೇಳಿದ್ದು ಅದನ್ನೇ ಅಲ್ಲವೇ: ಈ ಊರಿನ ವಸ್ತು ಯಾರ ಸೂರಿನಡಿ ಇದೆ?

ಗೊಬ್ಬರ ಸ್ವಲ್ಪ ಕಾಯಲಿ. ಮೊದಲು ಹಡಗು.

ಸೂರ್ ಎಂದರೆ ಹಡಗು ಕಟ್ಟುವವರ ಊರು. ಇಂಗ್ಲಿಷರು ‘ಧೌ’ ಎಂದು ಕರೆದ, ನಮ್ಮ ಕರಾವಳಿಯವರಿಗೆ ಮಂಜಿ, ಪತ್ತೆಮಾರಿಗಳ ದೂರದ ನೆಂಟನಂತೆ ಕಾಣುವ ಹಾಯಿಹಡಗುಗಳು ಇಲ್ಲಿ ಹುಟ್ಟುತ್ತಿದ್ದವು. ಅವುಗಳ ತೇಗದ ಮರ ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. 1951ರಲ್ಲಿ ಇಲ್ಲಿ ಕಟ್ಟಿದ ‘ಫತಹ್ ಅಲ್ ಖೈರ್’ ಎಂಬ ಹಡಗನ್ನು ಊರಿನವರು ಇಂದಿಗೂ ದಡದ ಮೇಲೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಹಡಗಿನ ಯಜಮಾನನಿಗೆ ಅವರು ಹೇಳುವ ‘ನಾಖುದಾ’ ಎಂಬ ಮಾತು ಉತ್ತರ ಕನ್ನಡದ ಕಡಲಂಚಿನವರಿಗೂ ಹೊಸದಲ್ಲ. ಸೂರ್‌ನ ಪಕ್ಕದಲ್ಲೇ ಕಲ್ಹಾತ್ ಎಂಬ ಪಾಳು ನಗರವಿದೆ. ವಿಜಯನಗರದ ಪ್ರೌಢದೇವರಾಯನ ಆಸ್ಥಾನಕ್ಕೆ 1443ರಲ್ಲಿ ಬಂದ ಅಬ್ದುಲ್ ರಜಾಕ್ ಇದ್ದಾನಲ್ಲ, ಅವನು ಮಸ್ಕತ್ ದಾಟಿ ಈ ಕಲ್ಹಾತ್‌ಗೆ ಬಂದು, ಇಲ್ಲಿಂದಲೇ ಹಡಗು ಹತ್ತಿ ಕಲ್ಲಿಕೋಟೆಗೆ ಹೋದದ್ದು. ಅಲ್ಲಿಂದ ಮಂಗಳೂರು, ಮಂಗಳೂರಿನಿಂದ ಹಂಪೆ. ಮುಂದೆ ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಮಂಗಳೂರಿನ ಅಕ್ಕಿ ಉಂಡ ಕಡಲು ಅದು.

ಈಗ 19ನೇ ಶತಮಾನದ ಕೊನೆಗೆ ಬನ್ನಿ. ಆಫ್ರಿಕಾದ ಪೂರ್ವ ಕರಾವಳಿಯಿಂದ ಮನುಷ್ಯರನ್ನು ಹಿಡಿದು ತಂದು ಮಾರುವ ದಂಧೆಯನ್ನು ತಡೆಯುತ್ತೇವೆಂದು ಬ್ರಿಟಿಷ್ ನೌಕಾಪಡೆ ಈ ಕಡಲಿನಲ್ಲಿ ಹಾಯಿಹಡಗುಗಳನ್ನು ನಿಲ್ಲಿಸಿ ತಪಾಸಣೆ ಮಾಡುತ್ತಿತ್ತು. ಆದರೆ ಫ್ರಾನ್ಸಿನ ಬಾವುಟ ಹಾರುತ್ತಿದ್ದರೆ? ಬ್ರಿಟಿಷರು ಮುಟ್ಟುವಂತಿಲ್ಲ, ತನ್ನ ಹಡಗನ್ನು ಪರರು ಹತ್ತಿ ನೋಡುವುದಕ್ಕೆ ಫ್ರಾನ್ಸ್ ಒಪ್ಪಿರಲಿಲ್ಲ. ಸೂರ್‌ನ ನಾಖುದಾಗಳು ಜಾಣರು. ಫ್ರೆಂಚರ ವಸಾಹತುಗಳಿಗೆ, ಕಾನ್ಸುಲ್ ಕಚೇರಿಗಳಿಗೆ ಹೋಗಿ ಕಾಗದಪತ್ರ ಮಾಡಿಸಿಕೊಂಡರು, ಮೂರು ಬಣ್ಣದ ಬಾವುಟ ತಂದರು, ಏರಿಸಿಬಿಟ್ಟರು! ಹುಟ್ಟಿದ್ದು ಒಮಾನಿನಲ್ಲಿ, ಮನೆ ಸೂರ್‌ನಲ್ಲಿ, ನಮಾಜು ಅಲ್ಲಿಯದೇ ಮಸೀದಿಯಲ್ಲಿ. ಹಡಗು ಮಾತ್ರ ಪ್ಯಾರಿಸಿನದು. ಎಲ್ಲರೂ ಗುಲಾಮರನ್ನೇ ಸಾಗಿಸುತ್ತಿದ್ದರು ಎಂದಲ್ಲ. ಖರ್ಜೂರ, ಉಪ್ಪುಮೀನು ತುಂಬಿಕೊಂಡು ಹೋಗುತ್ತಿದ್ದವರೂ ಇದ್ದರು. ಆದರೆ ಕೆಲವರ ಹಡಗಿನ ಒಳಗೆ ಮನುಷ್ಯರೇ ಸರಕಾಗಿದ್ದರು ಎಂಬುದನ್ನು ಮರೆತು ಈ ಜಾಣತನಕ್ಕೆ ಚಪ್ಪಾಳೆ ಹೊಡೆಯಲಾಗದು.

ಮಸ್ಕತ್‌ನಲ್ಲಿ ಕೂತಿದ್ದ ಸುಲ್ತಾನ್ ಫೈಸಲ್ ಬಿನ್ ತುರ್ಕಿಗೆ ಇದು ನುಂಗಲಾರದ ತುತ್ತು. ತನ್ನ ಪ್ರಜೆಗಳು ತನ್ನ ಬಂದರಿನಲ್ಲೇ ‘ನಾವು ಫ್ರಾನ್ಸಿನವರು, ನಿನ್ನ ಮಾತು ನಮಗೆ ತಾಗದು’ ಎನ್ನುತ್ತಿದ್ದಾರೆ. 1900ರಲ್ಲಿ ಸುಲ್ತಾನ ತಾನೇ ಸೂರ್‌ಗೆ ಹೋಗಿ ಹಡಗಿನವರಿಂದ ಬಾವುಟ ಬಿಡಿಸಲು ನೋಡಿದ. ಫ್ರಾನ್ಸ್ ಕೆಂಡವಾಯಿತು. ಬ್ರಿಟನ್ ಸುಲ್ತಾನನ ಬೆನ್ನಿಗೆ ನಿಂತಿತು. ನಿಲ್ಲದೆ ಏನು, ಇದು ಇಂಡಿಯಾದ ದಾರಿ!

ಕೊನೆಗೆ ಎರಡೂ ಸಾಮ್ರಾಜ್ಯಗಳು 1904ರ ಅಕ್ಟೋಬರ್ 13ರಂದು ಒಂದು ಕರಾರಿಗೆ ಸಹಿ ಹಾಕಿದವು: ಹೇಗ್‌ನ ಕಾಯಂ ಪಂಚಾಯ್ತಿ ನ್ಯಾಯಾಲಯಕ್ಕೆ ಹೋಗೋಣ. 1899ರಲ್ಲಿ ಹುಟ್ಟಿದ ಆ ನ್ಯಾಯಾಲಯ ಅದುವರೆಗೆ ಬೆರಳೆಣಿಕೆಯ ವ್ಯಾಜ್ಯಗಳನ್ನಷ್ಟೇ ಕಂಡಿತ್ತು. ಇಲ್ಲಿ ಒಂದು ಸಂಗತಿ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಒಂದು ಕಡೆ ಯಾರು? ಬ್ರಿಟನ್. ಇನ್ನೊಂದು ಕಡೆ ಯಾರು? ಫ್ರಾನ್ಸ್. ಪ್ರಶ್ನೆ ಇರುವುದು ಯಾರ ಪ್ರಜೆಗಳ ಬಗ್ಗೆ, ಯಾರ ಬಂದರಿನ ಬಗ್ಗೆ? ಸುಲ್ತಾನನದು. ಆ ಸುಲ್ತಾನ ದಾವೆಯಲ್ಲಿ ಪಕ್ಷಗಾರನೇ ಅಲ್ಲ! ಅವನ ಸ್ವಾತಂತ್ರ್ಯವನ್ನು ಗೌರವಿಸುತ್ತೇವೆಂದು 1862ರಲ್ಲಿ ಇಬ್ಬರೂ ಘೋಷಣೆ ಹೊರಡಿಸಿದ್ದರು. ಆ ಸ್ವಾತಂತ್ರ್ಯದ ಅರ್ಥವೇನು ಎಂದು ತೀರ್ಮಾನಿಸಲು ಅವನನ್ನು ಬಿಟ್ಟೇ ಕೂತರು. ಮನೆ ಪಾಲಾಗುವಾಗ ಮನೆಯ ಯಜಮಾನನನ್ನು ಜಗಲಿಯ ಮೇಲೂ ಕೂರಿಸದ ಪಂಚಾಯ್ತಿ.

ಪಂಚರಲ್ಲ, ಮೂವರು. ಬ್ರಿಟನ್ ಆರಿಸಿದ್ದು ಮೆಲ್ವಿಲ್ ಫುಲ್ಲರ್ ಅವರನ್ನು. ಯಾರು ಗೊತ್ತೇ? ಅಮೆರಿಕದ ಸುಪ್ರೀಂ ಕೋರ್ಟಿನ ಅಧಿಕಾರದಲ್ಲಿದ್ದ ಮುಖ್ಯ ನ್ಯಾಯಮೂರ್ತಿ! ಒಂದು ರಾಷ್ಟ್ರದ ಅತ್ಯುನ್ನತ ನ್ಯಾಯಪೀಠದ ಮೊದಲ ಕುರ್ಚಿಯಲ್ಲಿದ್ದವರು ಒಮಾನಿನ ಮೂಲೆಯೂರಿನ ಹಾಯಿಹಡಗುಗಳ ಕಾಗದ ತಿರುವಿ ಹಾಕಿದರು. ಫೈಸಲ್ ಸುಲ್ತಾನನಾದದ್ದು 1888ರಲ್ಲಿ, ಫುಲ್ಲರ್ ಮುಖ್ಯ ನ್ಯಾಯಮೂರ್ತಿಯಾದದ್ದೂ 1888ರಲ್ಲಿ. ಇನ್ನೊಂದು ಕಹಿ ಸಂಗತಿಯೂ ಇದೆ: ಬಿಳಿಯರಿಗೂ ಕರಿಯರಿಗೂ ರೈಲಿನಲ್ಲಿ ಬೇರೆ ಬೇರೆ ಡಬ್ಬಿ ಇದ್ದರೆ ತಪ್ಪಿಲ್ಲ ಎಂದು 1896ರಲ್ಲಿ ಹೇಳಿದ ಪ್ಲೆಸ್ಸಿ ತೀರ್ಪು ಬಂದದ್ದು ಇವರ ಅಧ್ಯಕ್ಷತೆಯ ನ್ಯಾಯಾಲಯದಿಂದಲೇ. ಈಗ ಅವರ ಮುಂದೆ ಗುಲಾಮರ ಸಾಗಾಟ ತಡೆಯುವ ಒಪ್ಪಂದದ ಕಲಮು. ಫ್ರಾನ್ಸ್ ಆರಿಸಿದ್ದು ನೆದರ್ಲೆಂಡ್ಸ್‌ನ ಸಾವೊರ್ನಿನ್ ಲೋಮನ್ ಅವರನ್ನು. ಮೂರನೆಯವರನ್ನು ಹೆಸರಿಸಿದ್ದು ಇಟಲಿಯ ದೊರೆ. ಅವರು ಆಸ್ಟ್ರಿಯಾದ ಹೈನ್ರಿಷ್ ಲಾಮಾಶ್. 1918ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯ ಕುಸಿಯುವಾಗ ಅದರ ಕೊನೆಯ ಪ್ರಧಾನಿಯಾಗಿದ್ದವರು ಇವರೇ.

ವಾದ ನಿಂತದ್ದು ಒಂದು ಪದದ ಮೇಲೆ. ಗುಲಾಮರ ಸಾಗಾಟ ತಡೆಯುವ ಆ ಒಪ್ಪಂದ, ಅಂದರೆ 1890ರ ಬ್ರಸೆಲ್ಸ್ ಒಪ್ಪಂದ, ಹೇಳಿತ್ತು: ಸ್ಥಳೀಯ ಹಡಗುಗಳಿಗೆ ಬಾವುಟ ಕೊಡುವ ದೇಶ ತನ್ನ ಪ್ರಜೆಗಳಿಗೆ ಅಥವಾ ತನ್ನ ‘ರಕ್ಷಿತ’ರಿಗೆ ಮಾತ್ರ ಕೊಡಬೇಕು. ಫ್ರೆಂಚಿನಲ್ಲಿ ಆ ಪದ ‘ಪ್ರೊಟೆಜೆ’. ಯಾರು ರಕ್ಷಿತ? ಕಾನ್ಸುಲ್ ಕಚೇರಿಯ ಮೆಟ್ಟಿಲು ಹತ್ತಿ ಕಾಗದ ಪಡೆದವರೆಲ್ಲ ರಕ್ಷಿತರೇ? ಫ್ರಾನ್ಸಿನ ನಿಲುವು ಸರಳ: ನಮ್ಮ ಬಾವುಟ ಯಾರಿಗೆ ಎಂದು ಹೇಳಬೇಕಾದವರು ನಾವು. ಬ್ರಿಟನ್ನಿನ ನಿಲುವು: ಸಹಿ ಹಾಕಿದ ಮೇಲೆ ಪದಕ್ಕೆ ಬೆಲೆ ಇರಬೇಕು.

1905ರ ಆಗಸ್ಟ್ 8ರಂದು ತೀರ್ಪು ಬಂತು. ಆಹಾ, ಎಂಥ ಕುಸುರಿ ಕೆಲಸ! ಸಾಮಾನ್ಯವಾಗಿ ತನ್ನ ಬಾವುಟ ಯಾರಿಗೆ ಎಂದು ನಿರ್ಧರಿಸುವ ಹಕ್ಕು ಆಯಾ ಸಾರ್ವಭೌಮನದು ಎಂದು ಮೊದಲು ಫ್ರಾನ್ಸಿನ ಭುಜ ತಟ್ಟಿದರು. ಆದರೆ ಬ್ರಸೆಲ್ಸ್ ಒಪ್ಪಂದವನ್ನು ಒಪ್ಪಿಕೊಂಡ ದಿನ, 1892ರ ಜನವರಿ 2ರಂದು, ಫ್ರಾನ್ಸ್ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು ಎಂದರು. ಆ ದಿನಕ್ಕೆ ಮೊದಲು ಬಾವುಟ ಪಡೆದವರದು ಉಳಿಯಲಿ. ಆಮೇಲೆ ಪಡೆದವರು 1863ಕ್ಕಿಂತ ಮೊದಲೇ ತಾವು ಫ್ರಾನ್ಸಿನ ರಕ್ಷಿತರೆಂದು ಎಣಿಸಲ್ಪಟ್ಟಿದ್ದೆವು ಎಂದು ತೋರಿಸಲಿ. ಇಲ್ಲವಾದರೆ ಬಾವುಟ ಇಳಿಸಲಿ. ಆಮೇಲೆ ಬಂತು ನನ್ನ ಮೈ ಜುಮ್ಮೆನಿಸಿದ ಸಾಲು: ಈ ಹಕ್ಕು ಆ ವ್ಯಕ್ತಿಯದು ಮಾತ್ರ, ಮತ್ತೊಬ್ಬನಿಗೆ ದಾಟಿಸುವಂತಿಲ್ಲ. ಹಡಗು ಮಗನಿಗೆ ಹೋಗಬಹುದು. ಬಾವುಟ ಹೋಗದು. ನಾಖುದಾ ಸತ್ತರೆ ಅವನ ಫ್ರಾನ್ಸೂ ಅವನೊಂದಿಗೇ ಮಣ್ಣಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಫ್ರಾನ್ಸ್ 1844ರಲ್ಲಿ ಮಸ್ಕತ್ ಜೊತೆ ಮಾಡಿಕೊಂಡ ಒಡಂಬಡಿಕೆ ಇತ್ತು. ಅದರ ಪ್ರಕಾರ ಬಾವುಟದ ಹಕ್ಕಿರುವ ಹಡಗನ್ನು ಸುಲ್ತಾನನ ಕಡಲಿನಲ್ಲೂ ಅವನ ಜನ ಮುಟ್ಟುವಂತಿಲ್ಲ. ಆದರೆ ಹಡಗಿನ ಯಜಮಾನ, ಆಳುಗಳು, ಅವರ ಹೆಂಡತಿ ಮಕ್ಕಳು? ಅವರು ಸುಲ್ತಾನನ ಪ್ರಜೆಗಳೇ, ಅವನ ನ್ಯಾಯಕ್ಕೆ ಒಳಪಟ್ಟವರೇ. ಹಲಗೆಯ ಮೇಲೆ ನಿಂತಾಗ ಫ್ರಾನ್ಸಿನ ಗಾಳಿ, ಮರಳಿಗೆ ಕಾಲಿಟ್ಟಾಗ ಒಮಾನಿನ ನೆಲ! ಇಬ್ಬರಿಗೂ ಹಂಚಿದ ಈ ತೀರ್ಪನ್ನು ರಾಜಿ ಎಂದು ಕರೆಯುವವರಿದ್ದಾರೆ. ನನಗೆ ಹಾಗನ್ನಿಸದು. ಒಂದು ಬಾವುಟದಲ್ಲಿ ಎಷ್ಟು ಎಳೆಗಳಿವೆ ಎಂದು ಬಿಡಿಸಿ ತೋರಿಸಿದ್ದು ಅದು.

ಆ ಮೊದಲ ತತ್ವ ಎಲ್ಲಿಗೆ ಹೋಯಿತು ನೋಡಿ. 1953ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಲಾರಿಟ್ಜೆನ್ ವಿರುದ್ಧ ಲಾರ್ಸೆನ್ ಪ್ರಕರಣದಲ್ಲಿ, ಹವಾನಾ ಬಂದರಿನಲ್ಲಿ ಗಾಯಗೊಂಡ ಡೆನ್ಮಾರ್ಕಿನ ನಾವಿಕನಿಗೆ ಯಾವ ದೇಶದ ಕಾನೂನು ಎಂದು ಚಿಂತಿಸಿ, ಹಡಗಿಗೆ ರಾಷ್ಟ್ರೀಯತೆ ಕೊಡುವ ಷರತ್ತು ಆಯಾ ದೇಶದ್ದೇ ಎಂಬ ಮಾತನ್ನು ಗಟ್ಟಿ ಮಾಡಿತು. ಇಂದು ಮಂಗಳೂರಿಗೆ ಬರುವ ಎಷ್ಟೋ ಹಡಗುಗಳು ಪನಾಮಾ, ಲೈಬೀರಿಯಾ ಬಾವುಟ ಹಾರಿಸುತ್ತವಲ್ಲ, ಯಜಮಾನ ಬೇರೆಲ್ಲೋ ಇದ್ದರೂ? ಸೂರ್‌ನ ನಾಖುದಾಗಳು ಅದನ್ನು ಹಾಯಿಯ ಕಾಲದಲ್ಲೇ ಮಾಡಿ ಮುಗಿಸಿದ್ದರು.

ಈಗ ಗೊಬ್ಬರಕ್ಕೆ ಬರೋಣ.

ಓಮಿಫ್ಕೊ ಕ್ರಿಭ್ಕೊಗೆ ಲಾಭಾಂಶ ಕಳಿಸುತ್ತದೆ. ಒಮಾನಿನಲ್ಲಿ ಲಾಭಾಂಶಕ್ಕೆ ತೆರಿಗೆ ಇತ್ತು; ಅಲ್ಲಿನ ಕಂಪನಿ ಆದಾಯ ತೆರಿಗೆ ಕಾಯ್ದೆಗೆ ಹೊಸ ಕಲಮು ಸೇರಿಸಿ ಅದನ್ನು ಮನ್ನಾ ಮಾಡಿದರು. ಭಾರತದಲ್ಲಿ ಅದೇ ಹಣಕ್ಕೆ ಆದಾಯ ತೆರಿಗೆ ಉಂಟು. ಎರಡು ದೇಶಗಳ ನಡುವೆ 1997ರ ಒಪ್ಪಂದವಿದೆ: ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೇಡ, ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆಯಿರಿ ಎಂದು. ಅದರ 25ನೇ ವಿಧಿಯಲ್ಲಿ ಒಂದು ಚಿಕ್ಕ ಉಪವಿಧಿ. ಆರ್ಥಿಕ ಅಭಿವೃದ್ಧಿಗಾಗಿ ಕೊಟ್ಟ ರಿಯಾಯಿತಿ ಇಲ್ಲದಿದ್ದರೆ ಕಟ್ಟಬೇಕಾಗಿದ್ದ ತೆರಿಗೆಯನ್ನೂ ‘ಕಟ್ಟಬೇಕಾದ ತೆರಿಗೆ’ ಎಂದೇ ಎಣಿಸಿ, ಎಂದು ಅದು ಹೇಳಿತ್ತು. ಮತ್ತೆ ಒಂದು ಪದದ ಜಗಳ!

ತಲೆ ತಿರುಗುತ್ತದೆಯೇ? ಹೀಗೆ ನೋಡಿ. ಊರಿಗೆ ಬಂದ ಸೋದರಮಾವ ಮಗುವಿನ ಅಂಗೈಗೆ ನೂರು ರೂಪಾಯಿ ಇಡುತ್ತಾನೆ. ಅಪ್ಪ ಅದನ್ನು ಕಂಡು ಆ ತಿಂಗಳು ಮಗುವಿಗೆ ಕೊಡುವ ದುಡ್ಡಿನಲ್ಲಿ ನೂರು ಕಡಿಮೆ ಮಾಡುತ್ತಾನೆ. ಮಾವ ಕೊಟ್ಟದ್ದು ಯಾರಿಗೆ ಸೇರಿತು? ಅಪ್ಪನ ಜೇಬಿಗೆ. ಒಮಾನ್ ಬಿಟ್ಟುಕೊಟ್ಟ ತೆರಿಗೆಯನ್ನು ದಿಲ್ಲಿ ವಸೂಲು ಮಾಡಿದರೆ ಆಗುವುದೂ ಅದೇ. ಹೂಡಿಕೆದಾರನನ್ನು ಕರೆಯಲು ಒಮಾನ್ ತೋರಿಸಿದ ಆಸೆ ಭಾರತದ ಖಜಾನೆಯಲ್ಲಿ ಕರಗಿಹೋಗುತ್ತದೆ.

ಆದಾಯ ತೆರಿಗೆ ಇಲಾಖೆ ಮಾತ್ರ ಒಪ್ಪಲಿಲ್ಲ. ಲಾಭಾಂಶಕ್ಕೆ ಒಮಾನಿನಲ್ಲಿ ತೆರಿಗೆಯೇ ಇಲ್ಲದಿರುವಾಗ ರಿಯಾಯಿತಿ ಎಲ್ಲಿಂದ ಬಂತು ಎಂದಿತು. ತಳ್ಳಿಹಾಕಬಹುದಾದ ವಾದವೇನಲ್ಲ ಅದು. ಕ್ರಿಭ್ಕೊದ ಕೈಯಲ್ಲಿದ್ದದ್ದು ಒಂದು ಪತ್ರ: ಒಮಾನಿನ ಹಣಕಾಸು ಸಚಿವಾಲಯ 2000ದ ಡಿಸೆಂಬರ್ 11ರಂದು ಬರೆದದ್ದು. ಮನ್ನಾ ಮಾಡಿದ್ದರ ಉದ್ದೇಶ ಹೂಡಿಕೆ ಸೆಳೆದು ದೇಶದ ಅಭಿವೃದ್ಧಿ ಸಾಧಿಸುವುದೇ ಎಂದು ಅದು ಸ್ಪಷ್ಟಪಡಿಸಿತ್ತು. ನ್ಯಾಯಮಂಡಳಿ ಕ್ರಿಭ್ಕೊ ಕಡೆ ಹೇಳಿತು, ದಿಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು, ಇಲಾಖೆ ಸುಪ್ರೀಂ ಕೋರ್ಟಿಗೆ ಹೋಯಿತು.

ಪೀಠದಲ್ಲಿ ಇಬ್ಬರು: ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್. ನಾಗರತ್ನ ಅವರು ನಮ್ಮವರು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಮಗಳು. ಮನೆತನದ ಬೇರು ಮಂಡ್ಯದ ಪಾಂಡವಪುರ ಸೀಮೆಯಲ್ಲಿ. ಕಬ್ಬು, ಭತ್ತ, ಯೂರಿಯಾ ಇಲ್ಲದೆ ದಿನ ಕಳೆಯದ ಸೀಮೆ! ತೀರ್ಪಿಗೂ ಇದಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಹೇಳದೆ ಇರಲಾಗಲಿಲ್ಲ. ಒಮಾನಿನ ಕಾನೂನಿಗೆ ಒಮಾನಿನ ಸರ್ಕಾರವೇ ಹೇಳಿದ ಅರ್ಥಕ್ಕೆ ಪೀಠ ಬೆಲೆ ಕೊಟ್ಟಿತು. ಇಲಾಖೆಯ ಮೇಲ್ಮನವಿ ವಜಾ ಆಯಿತು.

1905ರಲ್ಲಿ ಮಸ್ಕತ್‌ನ ಮಾತನ್ನು ಕೇಳಲು ಅದಕ್ಕೊಂದು ಕುರ್ಚಿಯೂ ಇರಲಿಲ್ಲ. 2023ರಲ್ಲಿ ಮಸ್ಕತ್‌ನಿಂದ ಎಂದೋ ಬಂದಿದ್ದ ಒಂದು ಪತ್ರ ದಿಲ್ಲಿಯಲ್ಲಿ ದಾವೆಯನ್ನು ಗೆಲ್ಲಿಸಿತು.

ಎರಡೂ ತೀರ್ಪುಗಳು ಇಂಗ್ಲಿಷಿನಲ್ಲಿ ಯಾರಿಗೆ ಬೇಕಾದರೂ ಓದಲು ಸಿಗುತ್ತವೆ. ಹಡಗಿನದನ್ನು ಮೊದಲು ಓದಿ. ಕೆಲವೇ ಪುಟ, ರಾತ್ರಿ ಊಟದ ಮೇಲೆ ಕೂತರೆ ಮಲಗುವ ಮೊದಲು ಮುಗಿಯುತ್ತದೆ.